ಮಿಸ್ಸಮ್ಮನ ಬಿಲ್ಲೆ

ಮಿಸ್ಸಮ್ಮನ ಬೆಳ್ಳಿ ಬಿಲ್ಲೆ ಕದ್ದವಳು ನಾನು. ಕದ್ದು, ಕರಗಿಸಿ, ಕಾಲುಂಗುರ ಮಾಡಿಸಿಕೊಂಡೆ. ಅಷ್ಟಕ್ಕೇ ನಿಂತಿದ್ದರೆ ಕಳ್ಳಿ ಅನ್ನೋ ಒಂದು ಮಾತಿಗೆ ಮುಗೀತಿತ್ತು. ನಿಲ್ಲಲಿಲ್ಲ. ಹಾಸನದ ದೊಡ್ಡ ಮನುಷ್ಯರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದ ಕಡೆ, ಆಯಮ್ಮನ ಎದುರಿಗೇ ನಿಂತು, “ಬಿಲ್ಲೆನಾ? ನಾನ್ಯಾವ ಬಿಲ್ಲೆನೂ ನೋಡಿಲ್ಲ ಸಾ” ಅಂದೆ. ಹೋದ ತಿಂಗಳು, ಎಂಬತ್ತು ದಾಟಿ ಹಲ್ಲೆಲ್ಲ ಉದುರಿದ ಮೇಲೆ, ಅದೇ ಸುಳ್ಳನ್ನ ಇನ್ನೊಂದು ಸಲ ಹೇಳಿದೆ. ಮೊದಲನೇದನ್ನ ಹುಡುಗಾಟಿಕೆ ಅಂತ ಯಾರಾದರೂ ಅಂದುಕೊಳ್ಳಬಹುದು. ಎರಡನೇದಕ್ಕೆ ಏನಂತೀರಿ?

ನಾನು ಓದಿದ್ದು ಮೂರನೇ ಕ್ಲಾಸು. ಒತ್ತಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ, ಮಾತು ಮಾತ್ರ ಮುಟ್ಟಬೇಡ ಅಂತ ಹೇಳಿದ್ದೀನಿ. ಮೊದಲನೇ ಸಾಲು ಓದಿಯೇ ಅವಳು, “ಅಯ್ಯೋ ಅಜ್ಜಿ, ಯಾಕ್ ಬೇಕು ಇದೆಲ್ಲ, ಮನೆ ಮರ್ಯಾದೆ—” ಅಂದಳು. ಮರ್ಯಾದೆಯಂತೆ! ಅರವತ್ತು ವರ್ಷದಿಂದ ಈ ಮನೆಯಲ್ಲಿ ಅದನ್ನ ಕಾಯ್ತಾ ಕೂತಿರೋಳು ನಾನೇ. ಅದರ ಒಳಗೆ ಏನಿದೆ ಅಂತ ನನಗೆ ಗೊತ್ತು.

ನಮ್ಮೂರು ಕಟ್ಟಾಯದ ಪಕ್ಕ. ಮನೆಯಲ್ಲಿ ಐದು ಜನ ಹೆಣ್ಣುಮಕ್ಕಳು. ಹೊಲ ಇತ್ತು, ಉಣ್ಣೋಕೆ ಕಡಿಮೆ ಇರಲಿಲ್ಲ. ಒಬ್ಬಳು ಪೇಟೆಯಲ್ಲಿದ್ದರೆ ನಾಲ್ಕು ನಡವಳಿಕೆ ಕಲೀತಾಳೆ ಅಂತ ಅಪ್ಪ ನನ್ನನ್ನ ಹದಿಮೂರನೇ ವಯಸ್ಸಿಗೆ ಹಾಸನಕ್ಕೆ ಕರಕೊಂಡು ಹೋಗಿ ಮಿಸ್ಸಮ್ಮನ ಮನೆಯಲ್ಲಿ ಕೆಲಸಕ್ಕೆ ಬಿಟ್ಟ. ಕಲಿತದ್ದು ಯಾವ ನಡವಳಿಕೆ ಅಂತ ಮುಂದೆ ಗೊತ್ತಾಗುತ್ತೆ.

ಮಿಸ್ಸಮ್ಮ ಅಂದರೆ ಇಂಗ್ಲೆಂಡಿನ ಹೆಂಗಸು, ಮದುವೆ ಆಗದವಳು. ಪೂರ್ತಿ ಹೆಸರು ನನ್ನ ನಾಲಿಗೆಗೆ ಒಗ್ಗಲೇ ಇಲ್ಲ. ನಾನು ಹೋದಾಗಲೇ ಎಪ್ಪತ್ತು ದಾಟಿತ್ತು. ಉದ್ದ, ಒಣಕಲು, ಕೊಕ್ಕರೆ ಥರ. ಆಯಮ್ಮನ ತಮ್ಮ ರೈಲಿನ ಇಂಜಿನಿಯರು. ಹೊಳೆನರಸೀಪುರದ ಹತ್ತಿರ ಹೊಳೆಗೆ ರೈಲಿನ ಸೇತುವೆ ಹಾಕೋ ಕಾಲದಲ್ಲಿ ಬಂದವನು, ಚಳಿಜ್ವರ ಬಂದು ಇಲ್ಲೇ ತೀರಿಕೊಂಡ. ಮನೆ ನೋಡಿಕೊಳ್ಳೋರು ಯಾರೂ ಇಲ್ಲ ಅಂತ ಬದುಕಿದ್ದಾಗ ಅವನು ಕಾಗದ ಬರೆದಿದ್ದಕ್ಕೆ ಆಯಮ್ಮ ಎಲ್ಲಾ ಬಿಟ್ಟು ಹಡಗು ಹತ್ತಿದ್ದಳು. ಬಂದವಳಿಗೆ ಒಂದು ಮೊಟ್ಟೆ ಬೇಯಿಸೋಕೂ ಬರ್ತಿರಲಿಲ್ಲ, ಅದು ಬೇರೆ. ಸ್ವಾತಂತ್ರ್ಯ ಬಂದ ಮೇಲೆ ಬಿಳಿಯರೆಲ್ಲ ಗಂಟುಮೂಟೆ ಕಟ್ಟಿದರು, ಈಯಮ್ಮ ಕಟ್ಟಲಿಲ್ಲ. “ನೀವ್ಯಾಕೆ ಓಗ್ಲಿಲ್ಲ?” ಅಂತ ಕೇಳಿದರೆ, “ಅಲ್ಲಿ ಚಳಿ” ಅನ್ನೋಳು. ಅಷ್ಟೇ ಉತ್ತರ.

ಬಿಟ್ಟು ಬಂದದ್ದು ಏನು ಅಂದರೆ— ಆಟ. ಪುಕ್ಕದ ಚೆಂಡನ್ನ ಜಾಲರಿ ಬ್ಯಾಟಿನಲ್ಲಿ ಹೊಡೆಯೋ ಆಟ. ಆ ದೇಶದಲ್ಲಿ ಅದು ಹೊಸದಾಗಿ ಎದ್ದ ಕಾಲದಲ್ಲಿ ಆಡಿದ ಹೆಂಗಸರಲ್ಲಿ ಈಯಮ್ಮ ಒಬ್ಬಳು. ಶನಿವಾರ ಶನಿವಾರ ನಾನು ವಿಭೂತಿ ಹಾಕಿ ಬೆಳ್ಳಿ ಸಾಮಾನು ಉಜ್ಜೋವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಸಂತೆಯಲ್ಲೂ ನನ್ನ ಬಾಯಲ್ಲೂ ಕಲಿತ ಮುರುಕು ಕನ್ನಡದಲ್ಲಿ ಹೇಳೋಳು. ಕತ್ತಿನವರೆಗೆ ಗುಂಡಿ, ನೆಲ ಗುಡಿಸೋ ಲಂಗ, ತಲೆ ಮೇಲೆ ಟೋಪಿ— ಇಷ್ಟೆಲ್ಲ ಹೊತ್ತುಕೊಂಡು ಆಡಬೇಕಿತ್ತಂತೆ. ಒಂದು ಕೈಯಲ್ಲಿ ಲಂಗ, ಇನ್ನೊಂದು ಕೈಯಲ್ಲಿ ಬ್ಯಾಟು. ಮೊದಲನೇ ವರ್ಷ ಲಂಗ ಕಾಲಿಗೆ ಸಿಕ್ಕಿ ಬಿದ್ದು ಸೋತಳು. ಎರಡನೇ ವರ್ಷ ದರ್ಜಿಗೆ ಹೇಳಿ ಲಂಗವನ್ನ ನಾಲ್ಕು ಬೆರಳು ಕತ್ತರಿಸಿದಳು. ಅದಕ್ಕೆ ಆಯಮ್ಮನ ಅಪ್ಪ ಆರು ತಿಂಗಳು ಮಾತಾಡಲಿಲ್ಲ. ಆ ವರ್ಷದ ಪಂದ್ಯದಲ್ಲಿ ಹೆಂಗಸರನ್ನೆಲ್ಲ ಸೋಲಿಸಿ ಬೆಳ್ಳಿ ಬಿಲ್ಲೆ ತಗೊಂಡಳು. ಮಾರನೇ ದಿನ ಪೇಪರಿನೋರು ಬರೆದದ್ದು ಟೋಪಿ ಚೆನ್ನಾಗಿತ್ತು ಅಂತ. ಅದನ್ನ ಹೇಳೋವಾಗ ಆಯಮ್ಮ ಮೂಗಿನಲ್ಲಿ ಒಂದು ಥರ ಉಸಿರು ಬಿಡೋಳು, ಎಮ್ಮೆ ಬಿಟ್ಟಂಗೆ.

ಬರೀ ಬಾಯಿಮಾತಲ್ಲ. ನಾನು ಕಣ್ಣಾರೆ ಕಂಡಿದ್ದೀನಿ— ಇದನ್ನ ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ನನ್ನ ಸುಳ್ಳಿನ ತೂಕ ಇರೋದೇ ಇಲ್ಲಿ. ಹಿತ್ತಲಲ್ಲಿ ನುಗ್ಗೆಮರಕ್ಕೂ ಗೂಟಕ್ಕೂ ಹಗ್ಗ ಕಟ್ಟಿಸಿ, ನನ್ನ ಕೈಯಲ್ಲಿ ಸುಣ್ಣದ ಗೆರೆ ಎಳೆಸೋಳು. ಆ ಗೆರೆಯೂ ವಿಚಿತ್ರ. ಎರಡು ತುದಿ ಅಗಲ, ಹಗ್ಗದ ಹತ್ತಿರ ನಡು ಸಣ್ಣ, ಬುಡುಬುಡಿಕೆ ಇದ್ದಂಗೆ. ತಾನು ಚಿಕ್ಕವಳಾಗಿದ್ದಾಗ ಹಂಗೇ ಎಳೀತಿದ್ದರಂತೆ. ಆಮೇಲೆ ನನ್ನ ಕೈಗೊಂದು ಬ್ಯಾಟು. ಎಪ್ಪತ್ತೈದರ ಮುದುಕಿ ನಿಂತ ಜಾಗ ಬಿಟ್ಟು ಎರಡು ಹೆಜ್ಜೆ ಇಡೋಳಲ್ಲ. ಹದಿನೈದರ ನಾನು ಕೋಳಿ ಥರ ಆ ಮೂಲೆಯಿಂದ ಈ ಮೂಲೆಗೆ ಓಡಿ ಏದುಸಿರು ಬಿಡ್ತಿದ್ದೆ. ಗೆರೆ ಪಕ್ಕ ಒಂದು ಚೊಂಬು ಇಟ್ಟು, “ಲಕ್ಕು, ನೋಡು” ಅಂತ ಹತ್ತಕ್ಕೆ ಎಂಟು ಸಲ ಪುಕ್ಕವನ್ನ ಆ ಚೊಂಬಿನೊಳಗೇ ಬೀಳಿಸೋಳು. ನನಗೇನೂ ಗೌರವ ಹುಟ್ಟಲಿಲ್ಲ. ಕೆಲಸ ಇಲ್ಲದವಳು, ನನ್ನನ್ನ ಕುಣಿಸ್ತಾಳೆ ಅಂತ ಬೈಕೊಳ್ತಿದ್ದೆ.

ಹದಿನೆಂಟಕ್ಕೆ ನನ್ನ ಮದುವೆ ಗೊತ್ತಾಯಿತು. ಚನ್ನರಾಯಪಟ್ಟಣದ ಕಡೆ ಗಂಡು. ನಮ್ಮಲ್ಲಿ ಕಾಲುಂಗುರ ಸೋದರಮಾವ ತರಬೇಕು. ನನ್ನ ಮಾವ ಹೊಳೆನರಸೀಪುರದಲ್ಲಿದ್ದ, ಜಿಪುಣ. ಅವನು ತಂದು ತೋರಿಸಿದ್ದು ತಂತಿಯಷ್ಟು ತೆಳ್ಳಗಿತ್ತು. ನನ್ನ ದೊಡ್ಡಪ್ಪನ ಮಗಳಿಗೆ ಅದರ ಹಿಂದಿನ ವರ್ಷ ಮೂರು ಸುತ್ತಿನದು ಹಾಕಿದ್ದರು. ನಡೆದರೆ ಟಕಟಕ ಅನ್ನೋದು. “ನಿಂದು ಸೊಳ್ಳೆ ಕಾಲಿಗೂ ಆಯ್ತದೆ ಬುಡೇ” ಅಂತ ಅವಳು ನಕ್ಕಳು. ಅದೊಂದು ನಗೆಗೆ— ಹಸಿವಿಗಲ್ಲ, ಕಾಯಿಲೆಗಲ್ಲ, ಯಾರ ಪ್ರಾಣ ಉಳಿಸೋಕೂ ಅಲ್ಲ— ಆ ನಗೆಗೆ ನಾನು ಬೀರುವಿಗೆ ಕೈ ಹಾಕಿದೆ. ಜಂಬಕ್ಕೆ ಕದ್ದೆ. ಇದಕ್ಕಿಂತ ಹೀನವಾದ ಕಾರಣ ಹುಡುಕಿದರೂ ಸಿಗಲ್ಲ.

ಬಿಲ್ಲೆ ಒಂದು ಮರದ ಡಬ್ಬಿಯಲ್ಲಿ, ನೀಲಿ ಬಟ್ಟೆಯಲ್ಲಿ ಸುತ್ತಿ ಇರೋದು. ತೆಗೆದುಕೊಂಡೆ. ಡಬ್ಬಿ ಎತ್ತಿದರೆ ಖಾಲಿ ಅಂತ ಗೊತ್ತಾಗಬಾರದು ಅಂತ ಹಿತ್ತಲಲ್ಲಿ ಬಿದ್ದಿದ್ದ ಒಡೆದ ಹಂಚಿನ ಚೂರು ತಂದು, ಕಲ್ಲಿಗೆ ಉಜ್ಜಿ ದುಂಡಗೆ ಮಾಡಿ, ಅದೇ ನೀಲಿ ಬಟ್ಟೆಯಲ್ಲಿ ಸುತ್ತಿಟ್ಟೆ. ಎಷ್ಟು ಬುದ್ಧಿ ನೋಡಿ ನನ್ನದು. ಅದೇ ಬುದ್ಧಿ ಓದೋಕೆ ಬಂದಿದ್ದರೆ!

ಮಾವನ ಮನೆಗೆ ಹೋಗಿ ಬರ್ತೀನಿ ಅಂತ ಬಸ್ಸು ಹತ್ತಿ ಹೊಳೆನರಸೀಪುರದ ಆಚಾರಿ ಹತ್ತಿರ ಹೋದೆ. ಅವನು ಬಿಲ್ಲೆಯನ್ನ ತಿರುಗಿಸಿ ನೋಡಿ, “ಏನವ್ವಾ ಇದು, ಸುತ್ತ ಏನೋ ಬರ್ದವ್ರೆ? ನಡುಮಧ್ಯ ಇರೋದು ಏನು, ಬೂಂದಿ ಜಾಲರಿಯಾ?” ಅಂದ. “ನಮ್ ತಾತಂಗೆ ದೊರೆಗಳು ಕೊಟ್ಟಿದ್ದು, ನೀ ಕಾಯಿಸಣ್ಣ” ಅಂದೆ. ಮೂಸೆಗೆ ಹಾಕಿದ. ಅಕ್ಷರ ಮೊದಲು ಹೋಯಿತು, ಆಮೇಲೆ ಬ್ಯಾಟು, ಆಮೇಲೆ ಎಲ್ಲಾ ಒಂದೇ ಹನಿ. ನಾನು ಪಕ್ಕದಲ್ಲೇ ಕೂತು ಪುರಿ ತಿಂತಾ ನೋಡಿದೆ.

ಆಯಮ್ಮನಿಗೆ ಗೊತ್ತಾಗಲಿಲ್ಲ. ಉಜ್ಜೋಳು ನಾನೇ ತಾನೆ. ಬೆಳ್ಳಿ ಸಾಮಾನಿನ ಜೊತೆ ಡಬ್ಬಿಯನ್ನೂ ತಗೊಂಡು, ಮುಚ್ಚಳ ತೆಗೆದ ಹಾಗೆ ಮಾಡಿ, ಮುಚ್ಚಿಡ್ತಿದ್ದೆ. ಇನ್ನು ಒಂದು ತಿಂಗಳು ಕಳೆದರೆ ಮದುವೆ ಆಗಿ ನಾನು ಪಾರು. ಅಷ್ಟರಲ್ಲಿ ಅರಕಲಗೂಡಿನ ಕಡೆಯ ಒಬ್ಬ ವಕೀಲ, ಹಾಸನದ ಒಂದು ಕ್ಲಬ್ಬಿನ ಸೆಕ್ರೆಟರಿಯಂತೆ, ಪಂಚೆ ಹಾರಿಸಿಕೊಂಡು ಮನೆಗೆ ಬಂದ. “ತಾವು ಇಂಗ್ಲೆಂಡಿನ ಬ್ಯಾಡ್ಮಿಂಟನ್ ಚಾಂಪಿಯನ್ ಅಂತ ಕೇಳಲ್ಪಟ್ಟೆವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ— ನಾಲ್ಕು ಟೀಮು ಬರ್ತಿದೆ. ತಾವು ಉದ್ಘಾಟನೆ ಮಾಡಿ, ಮೆಡಲ್ ಸಭೆಗೆ ತೋರಿಸಬೇಕು” ಅಂದ. ನಲವತ್ತು ವರ್ಷದಲ್ಲಿ ಆಯಮ್ಮನನ್ನ ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಮುದುಕಿ ಮುಖ ಹುಡುಗಿಯಂಗಾಯಿತು. ಟ್ರಂಕಿನಿಂದ ಟೋಪಿ ತೆಗೆಸಿದಳು.

ಆವತ್ತು ಡಬ್ಬಿ ಹೊತ್ತುಕೊಂಡು ಹೋದವಳು ನಾನು. ಒಂದು ಮೈಲಿ ದಾರಿ. ದಾರಿಯುದ್ದಕ್ಕೂ ಅದು ನನ್ನ ಕೈಯಲ್ಲೇ ಇತ್ತು. ಬಾಯಿ ಬಿಡೋಕೆ ಒಂದು ಮೈಲಿ ಸಾಕಾಗಿತ್ತು— ಬಿಡಲಿಲ್ಲ. ಹೇಗಾದರೂ ಡಬ್ಬಿ ತೆಗೆಯೋ ಹೊತ್ತಿಗೆ ಮಳೆ ಬರಲಿ, ಜಗಳ ಆಗಲಿ ಅಂತ ಹರಕೆ ಕಟ್ಟಿಕೊಳ್ತಾ ನಡೆದೆ.

ಜಗಳ ಆಯಿತು. ಆದರೆ ಬೇರೆಯದಕ್ಕೆ.

ಈಗಿನವರಿಗೆ ಗೊತ್ತಿರಲ್ಲ, ಹೇಳ್ತೀನಿ. ಆಗ ನಮ್ಮ ಕಡೆ ಬ್ಯಾಡ್ಮಿಂಟನ್ ಅಂದರೆ ಹಳದಿ ಉಲ್ಲನ್ ಚೆಂಡಿನ ಆಟ. ಒಂದೊಂದು ಕಡೆ ಐದೈದು ಜನ ಗಂಡಸರು. ಪುಕ್ಕದ್ದಕ್ಕೆ ಶಟಲ್ ಕಾಕು ಅನ್ನೋರು, ಅದನ್ನ ಲೆಕ್ಕಕ್ಕೇ ಇಡ್ತಿರಲಿಲ್ಲ. ವಕೀಲ ಆ ಹಳದಿ ಚೆಂಡನ್ನ ತಟ್ಟೆಯಲ್ಲಿಟ್ಟು, ಕುಂಕುಮ ಹಾಕಿ, ಆಯಮ್ಮನ ಕೈಗೆ ಕೊಟ್ಟ, ಮೊದಲನೇ ಹೊಡೆತ ಹೊಡೀರಿ ಅಂತ. ಆಯಮ್ಮ ಅದನ್ನ ಹಿಂದೆ ಮುಂದೆ ನೋಡಿ, ಎಲ್ಲರಿಗೂ ಕೇಳೋ ಹಾಗೆ, “ಇದು ಬ್ಯಾಡ್ಮಿಂಟನ್ ಅಲ್ಲ” ಅಂದಳು. ಅಷ್ಟೇ. ಬೈದದ್ದಲ್ಲ, ಇದ್ದದ್ದು ಹೇಳಿದ್ದು. ಸುಳ್ಳಾಡೋಕೆ ಬರದ ಜನರ ಕರ್ಮವೇ ಅದು.

ವಕೀಲನ ಮುಖ ಕೆಂಪಾಯಿತು. “ಅಲ್ಲ ಅಂದ್ರೆ ಏನಮ್ಮ? ಹಂಗಾದ್ರೆ ನಾವ್ ಇಷ್ಟು ವರ್ಷ ಆಡಿದ್ದು ಮಣ್ಣಾ?”

ಹಿಂದೆ ನಿಂತಿದ್ದ ಒಬ್ಬ ಆಟಗಾರ ಕೂಗಿದ: “ನಮ್ದು ಬ್ಯಾಡ್ಮಿಂಟನ್ ಅಲ್ವಂತೆ ಕಣ್ರಲಾ! ಅಂಗಾರೆ ಆಯಮ್ಮ ಗೆದ್ದಿರೋದು ಯಾವ ಆಟ ಕೇಳ್ರಲಾ!”

“ಬಿಲ್ಲೆ ತೋರ್ಸಕ್ಕೇಳಿ ಸಾ, ನೋಡಾನ!”

ಆಯಮ್ಮ ನನ್ನ ಕಡೆ ಕೈ ಚಾಚಿದಳು. ಕೊಟ್ಟೆ. ಕೊಡದೆ ಓಡಿಹೋಗಬಹುದಿತ್ತು, ಡಬ್ಬಿ ಎತ್ತಿ ಬಿಸಾಡಬಹುದಿತ್ತು, ಏನೋ ಒಂದು— ಕೊಟ್ಟೆ. ಆಯಮ್ಮ ಮುಚ್ಚಳ ತೆಗೆದು, ನೀಲಿ ಬಟ್ಟೆ ಬಿಡಿಸಿ, ನೋಡದೆಯೇ ಕೈ ಮೇಲೆತ್ತಿ ಸಭೆಗೆ ತೋರಿಸಿದಳು.

ಹಂಚಿನ ಚೂರು.

ಮುಂದೆ ಕೂತವರು ಕತ್ತು ಚಾಚಿ ನೋಡಿದರು. ಆಮೇಲೆ ಯಾವನೋ, “ಥೂ, ಕುಂಟಾಬಿಲ್ಲೆ ಕಣ್ರೋ! ಈಯಮ್ಮ ಕುಂಟಾಬಿಲ್ಲೆ ಚಾಂಪಿಯನ್ನು!” ಅಂದ. ಹೆಣ್ಣುಮಕ್ಕಳು ಒಂಟಿಕಾಲಲ್ಲಿ ಹಾರೋ ಆಟಕ್ಕೆ ಎಸೆಯೋ ಹಂಚಿನ ಚೂರಿಗೂ ನಮ್ಮಲ್ಲಿ ಬಿಲ್ಲೆ ಅಂತಲೇ ಹೆಸರು ನೋಡಿ. ಕ್ಲಬ್ಬು ಅಂತ ಕ್ಲಬ್ಬೇ ಬಿದ್ದು ಬಿದ್ದು ನಗಾಡಿತು. ಲಾಯರು, ಡಾಕ್ಟರು, ಅಮಲ್ದಾರರು. ಕೋಟು ಹಾಕಿದ್ದರೇನು, ಹೆಂಗಸು ಅವಮಾನ ಪಡೋದನ್ನ ನೋಡೋವಾಗ ಎಲ್ಲರ ಬಾಯೂ ಒಂದೇ ಅಳತೆಗೆ ತೆರೆದುಕೊಳ್ಳುತ್ತೆ.

ಆಯಮ್ಮ ನಗೋರ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, “ಲಕ್ಕು, ನೀನು ಹೇಳು. ಶನಿವಾರ ಶನಿವಾರ ನೀನು ಉಜ್ಜಿದ್ದು ಏನು?” ಅಂದಳು.

ವಕೀಲ ಗದರಿದ: “ಹೇಳಮ್ಮ. ನೀನು ನೋಡಿದ್ಯಾ?”

ಆಗ ನಾನಂದ ಮಾತು ಮೊದಲೇ ಬರೆದಿದ್ದೀನಿ. ಅದಕ್ಕೆ ಇನ್ನೊಂದು ಮಾತೂ ಸೇರಿಸಿದೆ. ಅದನ್ನ ಮೇಲೆ ಬರೆಯೋಕೆ ಕೈ ಬರಲಿಲ್ಲ, ಈಗ ಬರೀತೀನಿ. “ವಯಸ್ಸಾಯ್ತಲ್ಲ ಸಾ, ಹಿಂಗೇ ಏನೇನೋ ಏಳ್ತಾ ಇರ್ತಾರೆ” ಅಂದೆ.

ಮನೆಗೆ ಬಂದ ಮೇಲೆ ಆಯಮ್ಮ ಒಂದೇ ಪ್ರಶ್ನೆ ಕೇಳಿದ್ದು: “ಅದನ್ನ ಏನು ಮಾಡಿದೆ?” “ಯಾವುದನ್ನ?” ಅಂದೆ ನಾನು. ಆಯಮ್ಮನಿಗೆ ಗೊತ್ತಾಗದೆ ಏನು, ದಡ್ಡಿಯಾ? ಬೈಯಲಿಲ್ಲ, ಪೊಲೀಸಿಗೆ ಹೇಳಲಿಲ್ಲ, ಕೆಲಸದಿಂದ ಬಿಡಿಸಲಿಲ್ಲ. ಮುಂದಿನ ಶನಿವಾರ ಬೆಳ್ಳಿ ಸಾಮಾನು ತಂದಿಟ್ಟಳು, ಡಬ್ಬಿ ಇಡಲಿಲ್ಲ. ಹಿತ್ತಲಿನ ಹಗ್ಗ ಮೇಲಕ್ಕೆ ಕಟ್ಟಿಸಿ ಬಟ್ಟೆ ಒಣಗೋಕೆ ಬಿಟ್ಟಳು. ಲಂಗದ ಕಥೆ, ಟೋಪಿ ಕಥೆ ಮತ್ತೆ ಬಾಯಲ್ಲಿ ಬರಲಿಲ್ಲ. ಸಂತೆಗೆ ಹೋದರೆ, “ಕುಂಟಾಬಿಲ್ಲೆ ಬಂತು, ದಾರಿ ಬುಡ್ರಪ್ಪೋ” ಅನ್ನೋರು. ಅಷ್ಟು ಕನ್ನಡ ಆಯಮ್ಮನಿಗೆ ಚೆನ್ನಾಗಿ ಅರ್ಥ ಆಗ್ತಿತ್ತು. ಕಲಿಸಿದವಳು ನಾನೇ.

ಮದುವೆಯಾಗಿ ಬಂದೆ. ಎರಡು ಮೂರು ವರ್ಷಕ್ಕೆ ಆಯಮ್ಮ ತೀರಿಕೊಂಡಳು ಅಂತ ಸುದ್ದಿ ಬಂತು. ಹೋಗಲಿಲ್ಲ. ಮಗು ಚಿಕ್ಕದಿತ್ತು, ಕಟಾವು ಇತ್ತು ಅಂತ ಬರೆಯಬಹುದು. ಏನೂ ಇರಲಿಲ್ಲ, ಆವತ್ತು ನಾನು ಜಗುಲಿ ಮೇಲೆ ಕೂತು ಹೇನು ಹೆಕ್ಕಿಸಿಕೊಳ್ತಿದ್ದೆ. ಆ ಕಾಲುಂಗುರ ನಲವತ್ತು ವರ್ಷ ಹಾಕಿದ್ದೆ. ಕಚ್ಚಲಿಲ್ಲ, ಸುಡಲಿಲ್ಲ. ನೋಡಿದವರೆಲ್ಲ ಹೊಗಳಿದರು. ಗಂಡ ಹೋದಾಗ ತೆಗೆಸಿದರು. ಯಾವುದೋ ಕೂಸಿನ ಉಡಿದಾರಕ್ಕೆ ಸೇರಿಸಿ ಹಾಕಿದರು. ಈಗ ಯಾರ ಮನೆಯಲ್ಲಿದೆಯೋ. ವಾಪಸ್ಸು ಕೊಡ್ತೀನಿ ಅಂತ ನಾಟಕ ಆಡೋಕೂ ನನ್ನ ಹತ್ತಿರ ಏನೂ ಉಳಿದಿಲ್ಲ.

ಹೋದ ತಿಂಗಳು ಹಾಸನದ ಕಾಲೇಜಿನ ಒಬ್ಬ ಮೇಷ್ಟ್ರು ನಮ್ಮ ಮನೆ ಹುಡುಕಿಕೊಂಡು ಬಂದರು. ಇಂಗ್ಲೆಂಡಿನಲ್ಲಿ ಯಾರೋ ಆ ಕಾಲದ ಆಟಗಾರ ಹೆಂಗಸರ ಬಗ್ಗೆ ಪುಸ್ತಕ ಬರೀತಿದ್ದಾರಂತೆ. ಈಯಮ್ಮನ ಹೆಸರು ಹಳೇ ಪೇಪರುಗಳಲ್ಲಿ ಕೆಲವು ವರ್ಷ ಸಿಗುತ್ತೆ, ಆಮೇಲೆ ‘ಇಂಡಿಯಾಕ್ಕೆ ಹೋದರು’ ಅಂತ ಒಂದು ಸಾಲು, ಆಮೇಲೆ ಖಾಲಿ. ಹಾಸನದ ಗೋರಿಯ ಮೇಲೆ ಅದೇ ಹೆಸರಿದೆ. ಇವರೇನಾ ಅವರು ಅಂತ ತಿಳಿಯಬೇಕು. ಬದುಕಿರೋ ಸಾಕ್ಷಿ ನಾನೊಬ್ಬಳೇ.

“ಆಗ ಅಂಕಣ ನಡುವಿನಲ್ಲಿ ಸಣ್ಣಗಿರ್ತಿತ್ತಂತೆ ಅಜ್ಜಿ, ವಿಚಿತ್ರ ನೋಡಿ” ಅಂತ ಮೇಷ್ಟ್ರು ಫೋನಿನಲ್ಲಿ ಚಿತ್ರ ತೋರಿಸಿದರು. ನಾನು ಸುಣ್ಣದಲ್ಲಿ ಎಳೆದ ಅದೇ ಗೆರೆ. ಅದೇ ಬುಡುಬುಡಿಕೆ. “ಅವರು ಬ್ಯಾಡ್ಮಿಂಟನ್ ಆಡಿದ್ದು, ಮೆಡಲ್ಲು, ಏನಾದ್ರೂ ನೋಡಿದ್ರಾ?” ಅಂತ ಕೇಳಿದರು.

ಸೊಸೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಮುಂದೆ ಸಣ್ಣವಳಾಗೋಕೆ ಇಷ್ಟವಾಗಲಿಲ್ಲ. ಅಷ್ಟೇ ಕಾರಣ. ಆಗ ಅಣಕಿಸಿದ ದೊಡ್ಡಪ್ಪನ ಮಗಳು, ಈಗ ಲೋಟ ಹಿಡಿದ ಸೊಸೆ— ಇಂಥ ಚಿಲ್ಲರೆ ಹೆದರಿಕೆಗಳೇ ನನ್ನನ್ನ ಜೀವಮಾನವೆಲ್ಲ ಆಳಿದ್ದು. “ಬ್ಯಾಡ್ಮಿಂಟನ್ನಾ? ಒಂದಿನಾನೂ ಆಡ್ಲಿಲ್ಲ ಸಾ” ಅಂದೆ. ನಮ್ಮ ಮಾತಿನ ಪ್ರಕಾರ ಸುಳ್ಳೂ ಅಲ್ಲವಲ್ಲ, ಉಲ್ಲನ್ ಚೆಂಡನ್ನ ಆಯಮ್ಮ ಹೊಡೆಯಲೇ ಇಲ್ಲ— ಹಿಂಗಂತ ಒಳಗೊಳಗೇ ಬಿನ್ನಾಣ ಬೇರೆ. “ಬಿಲ್ಲೆನೂ ನೋಡಿಲ್ಲ.”

ಮೇಷ್ಟ್ರು ಪುಸ್ತಕದಲ್ಲಿ ಬರೆದುಕೊಂಡು, ಓದಿ ಹೇಳಿದರು: ‘ಹಾಸನದಲ್ಲಿದ್ದ ಮಹಿಳೆ ಅದೇ ಹೆಸರಿನ ಬೇರೊಬ್ಬರಿರಬೇಕು.’ ಕಾಫಿ ಕುಡಿದು ಹೋದರು.

ಬೇರೊಬ್ಬರು. ಬೆಳ್ಳಿ ಹೋದರೆ ಹೋಗಲಿ ಅಂತ ಯಾವಾಗಲೋ ಕೈ ತೊಳೆದುಕೊಂಡಿದ್ದೆ. ಆದರೆ ಲಂಗ ಕತ್ತರಿಸಿದವಳು ಬೇರೆ, ಹಾಸನದ ಮಣ್ಣಿನಲ್ಲಿ ಮಲಗಿರೋಳು ಬೇರೆ ಅಂತಾಗಿಬಿಟ್ಟರೆ— ಆಯಮ್ಮನ ಹೆಸರಿನಿಂದ ಆಯಮ್ಮನ ಬದುಕನ್ನೇ ಕಿತ್ತು, ಅದನ್ನೂ ಮೂಸೆಗೆ ಹಾಕಿದ ಹಾಗಾಯಿತಲ್ಲ. ಎಂಟು ದಿನ ಗಂಜಿ ಸೇರಲಿಲ್ಲ. ಪಶ್ಚಾತ್ತಾಪ ಅಂತ ದೊಡ್ಡ ಹೆಸರು ಇಡಬೇಡಿ. ನನ್ನ ಮೇಲೆ ನನಗೇ ವಾಕರಿಕೆ, ಅಷ್ಟೇ.

ನಿನ್ನೆ ಬೆಳಿಗ್ಗೆ ಮೊಮ್ಮಗಳ ಕೈಯಲ್ಲಿ ಮೇಷ್ಟ್ರಿಗೆ ಫೋನು ಮಾಡಿಸಿದೆ. ಸೊಸೆಯನ್ನೂ ಮುಂದೆ ಕೂರಿಸಿಕೊಂಡೆ. ಕಾಲುಂಗುರದಿಂದ ಹಿಡಿದು ಹಂಚಿನ ಚೂರಿನವರೆಗೆ ಎಲ್ಲಾ ಹೇಳಿದೆ. ಸೊಸೆ ಎದ್ದು ಒಳಗೆ ಹೋದಳು, ಹೋಗಲಿ. ಮೇಷ್ಟ್ರು ಒಳ್ಳೆಯವರು, “ಬಿಡಿ ಅಜ್ಜಿ, ಹಳೇದು. ಅವರೇ ಇವರು ಅಂತ ತಿದ್ದುತ್ತೀನಿ. ಪದಕ ಕಳೆದುಹೋಯಿತು ಅಂತ ಹಾಕ್ತೀನಿ, ನಿಮ್ಮ ಹೆಸರು ಬೇಡ” ಅಂದರು.

“ಕಳೀಲಿಲ್ಲ ಸಾ. ಸಾಮಾನು ಕಳಕೊಳ್ಳೋ ಹೆಂಗಸಲ್ಲ ಆಯಮ್ಮ. ಕೆಲಸದ ಲಕ್ಕಮ್ಮ ಕದ್ದಳು ಅಂತ ಬರ್ಕಳಿ. ಸಭೇಲಿ ಸುಳ್ಳು ಹೇಳಿದ್ದೂ ಬರ್ಕಳಿ.”

ಬರೆದುಕೊಂಡರು. ಓದಿ ಅಂದೆ. ಓದಿದರು: “‘…ಪದಕವನ್ನು ತಾವು ನೋಡಿಯೇ ಇಲ್ಲ ಎಂದು ಲಕ್ಕಮ್ಮನವರು ಸುಳ್ಳು ಹೇಳಿದರು.’”

“ಹೇಳಿದರು ಅಲ್ಲ ಸಾ. ಹೇಳಿದಳು.”

“ವಯಸ್ಸಾದವರಿಗೆ ಹಂಗೆಲ್ಲ ಬರೆಯೋಕಾಗಲ್ಲ ಅಜ್ಜಿ.”

“ಆಗ್ತದೆ. ಆ ‘ಅವರು’ ಅನ್ನೋದನ್ನ ಮಿಸ್ಸಮ್ಮನಿಗೆ ಹಾಕಿ. ಗೆದ್ದರು, ಆಡಿದರು, ಇಲ್ಲೇ ತೀರಿಕೊಂಡರು ಅಂತ ಹಾಕಿ. ನಂಗೆ ‘ಅವಳು’ ಸಾಕು.”